ಮಂಡಿ ನೋವಾ, ಜೋಮಾ? ಮೊದಲು ಸೈಕಲ್ ಸೀಟು ನೋಡಿ

ನಮ್ಮ ಕಡೆ ಸೈಕಲ್ ಸೀಟಿನ ಎತ್ತರಕ್ಕೆ ಇರುವುದು ಒಂದೇ ಲೆಕ್ಕ: ಕೂತರೆ ಎರಡೂ ಕಾಲು ನೆಲಕ್ಕೆ ಎಟುಕಬೇಕು. ಕಲಿಯುವಾಗ ಬೀಳದಿರಲಿ ಅಂತ ಮನೆಯವರು ಇಳಿಸಿಕೊಟ್ಟ ಸೀಟು ಹತ್ತು ವರ್ಷ ಕಳೆದರೂ ಅಲ್ಲೇ ಇರುತ್ತದೆ. ಮಂಡಿ ನೋಯಲು ಶುರುವಾದರೆ ವಯಸ್ಸಾಯಿತು ಅನ್ನುತ್ತೇವೆ. ಕೂತ ಜಾಗ ನೋಯ್ದರೆ ಮೆತ್ತನೆಯ ಜೆಲ್ ಕವರ್ ತಂದು ಹಾಕುತ್ತೇವೆ. ಶಿವಮೊಗ್ಗದಲ್ಲಿ ಸ್ನೇಹಿತರ, ನೆಂಟರ ಸೈಕಲ್‌ಗಳಿಗೆ ಸ್ಪ್ಯಾನರ್ ಹಾಕುತ್ತಾ ಬಂದಿದ್ದೇನೆ. ಅವುಗಳಲ್ಲಿ ಹೊಸ ಸೀಟು ಬೇಕಾಗಿದ್ದವು ಕಡಿಮೆ. ಇದ್ದ ಸೀಟನ್ನೇ ಒಂದೆರಡು ಸೆಂಟಿಮೀಟರ್ ಆಚೀಚೆ ಮಾಡಿದ್ದರೆ ಸಾಕಾಗುತ್ತಿದ್ದವೇ ಹೆಚ್ಚು.

ನೋವು ಎಲ್ಲಿ ಕಾಣಿಸುತ್ತದೆ ಅನ್ನುವುದರ ಮೇಲೆ ದೋಷ ಎಲ್ಲಿದೆ ಅಂತ ಹೇಳಬಹುದು. ಕೆಳಗಿನ ಭಾಗಗಳನ್ನು ಹಾಗೆಯೇ ಮಾಡಿದ್ದೇನೆ. ನಿಮ್ಮದು ಯಾವುದೋ ಅದನ್ನು ಓದಿ. ಆದರೆ ಮೊದಲೆರಡು ಭಾಗಗಳನ್ನು ಎಲ್ಲರೂ ಓದಲೇಬೇಕು.

ಕೈ ಹಾಕುವ ಮುನ್ನ

ಕಪ್ಪು ದೊಡ್ಡ ಸೈಕಲ್, ಲೇಡೀಸ್ ಸೈಕಲ್, ಶಾಲೆಯಲ್ಲಿ ಕೊಟ್ಟ ಸರ್ಕಾರದ ಸೈಕಲ್ ಇಂಥವಕ್ಕೆ ಸಾಮಾನ್ಯವಾಗಿ 13 ಅಥವಾ 14 ನಂಬರಿನ ಸ್ಪ್ಯಾನರ್ ಕೂರುತ್ತದೆ. ಗೇರ್ ಸೈಕಲ್ಲಿಗೆ 5 ಮತ್ತು 6 ಎಂ.ಎಂ. ಅಲೆನ್ ಕೀ ಇದ್ದರೆ ಆಯಿತು. ಅಳತೆ ಟೇಪು, ತುದಿಗೆ ನಟ್ಟು ಕಟ್ಟಿದ ಒಂದು ದಾರ, ಸ್ವಲ್ಪ ಗ್ರೀಸು, ಇನ್ಸುಲೇಷನ್ ಟೇಪು ಹತ್ತಿರ ಇಟ್ಟುಕೊಳ್ಳಿ.

ಸೈಕಲನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮಲೆನಾಡಿನ ಅಂಗಳಗಳಿಗೆ ಮಳೆನೀರು ಹರಿದುಹೋಗಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಅಲ್ಲಿ ನಿಲ್ಲಿಸಿ ಸೀಟಿನ ಮಟ್ಟ ನೋಡಿದರೆ ಕಣ್ಣಿಗೆ ಸರಿ ಕಂಡದ್ದು ರಸ್ತೆಯಲ್ಲಿ ತಪ್ಪಾಗುತ್ತದೆ. ಜಗಲಿಯ ಮೇಲೆ ಏರಿಸಿ, ಒಂದು ಕೈಗೆ ಕಂಬ ಸಿಗುವ ಹಾಗೆ ನಿಲ್ಲಿಸಿಕೊಂಡರೆ ಒಬ್ಬರೇ ಎಲ್ಲ ಅಳತೆ ಮಾಡಬಹುದು.

ಆಮೇಲೆ ಈಗಿನ ಸ್ಥಿತಿಗೆ ಗುರುತು ಹಾಕಿ. ಸೀಟಿನ ರಾಡು, ಅಂದರೆ ಅಂಗಡಿಯವರು ಸೀಟ್ ಪಿಲ್ಲರ್ ಅನ್ನುವ ಕೊಳವೆ, ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಒಂದು ಸುತ್ತು ಟೇಪು ಸುತ್ತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೂ ಅರ್ಧ ಸೆಂಟಿಮೀಟರಿನಷ್ಟು. ಬದಲಿಸಿದ ಮೇಲೆ ಕನಿಷ್ಠ ಎರಡು ಮೂರು ದಿನ ಅದೇ ರಸ್ತೆಯಲ್ಲಿ ತುಳಿಯಿರಿ. ನಾನು ಗಾಜನೂರು ಅಣೆಕಟ್ಟೆಯವರೆಗೆ ಹೋಗಿ ಬರುತ್ತೇನೆ. ಸುಮಾರು 25 ಕಿಲೋಮೀಟರ್ ಆಗುತ್ತದೆ, ಏನಾದರೂ ತಪ್ಪಿದ್ದರೆ ಅಷ್ಟರೊಳಗೆ ಮೈ ಹೇಳಿಬಿಡುತ್ತದೆ. ಎತ್ತರ, ಓರೆ, ಹಿಂದೆ ಮುಂದೆ ಎಲ್ಲವನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದರಿಂದ ಗುಣ, ಯಾವುದರಿಂದ ದೋಷ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಸೀಟು ತಿರುಗುತ್ತದೆ, ಕುಸಿಯುತ್ತದೆ, ಮೂತಿ ಏರಿಳಿಯುತ್ತದೆ

ಎಲ್ಲ ಪರೀಕ್ಷೆಗೂ ಮೊದಲಿನದು ಇದು, ಖರ್ಚೂ ಇಲ್ಲ. ಸೈಕಲನ್ನು ತೊಡೆಗಳ ನಡುವೆ ಹಿಡಿದು, ಸೀಟಿನ ಮೂತಿಗೆ ಒಂದು ಕೈ, ಹಿಂಬದಿಗೆ ಒಂದು ಕೈ ಹಾಕಿ ಜೋರಾಗಿ ತಿರುಚಿ. ಆಮೇಲೆ ಮೂತಿಯನ್ನು ಕೆಳಕ್ಕೆ ಒತ್ತಿ. ಕದಲಿದರೆ ನೀವು ಎಷ್ಟು ಸಲ ಅಳತೆ ಮಾಡಿ ಕೂರಿಸಿದರೂ ಮೊದಲನೇ ಗುಂಡಿಯಲ್ಲೇ ಅದು ಹಾಳಾಗುತ್ತದೆ.

ಪಕ್ಕಕ್ಕೆ ತಿರುಗಿದರೆ ಅಥವಾ ದಿನದಿನಕ್ಕೆ ಕುಸಿದರೆ ಫ್ರೇಮಿನ ಬಾಯಲ್ಲಿರುವ ಕ್ಲ್ಯಾಂಪ್ ಸಡಿಲ ಅಂತ ಅರ್ಥ. ಬಿಗಿ ಮಾಡಿ. ಬಿಗಿ ಮಾಡಿದರೂ ಜಾರಿದರೆ ರಾಡು ಹೊರತೆಗೆದು, ಹಳೆಯ ಮಣ್ಣು, ತುಕ್ಕು ಒರೆಸಿ ಮತ್ತೆ ಹಾಕಿ. ಆಗಲೂ ಜಾರಿದರೆ ರಾಡಿನ ದಪ್ಪವೇ ಬೇರೆ. ರಾಡುಗಳು 25.4, 27.2 ಹೀಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡರಲ್ಲಿ ಒಂದು ಹಿಡಿಯುವುದೇ ಇಲ್ಲ. ತಗಡು ಸುತ್ತಿ ತುರುಕುವ ರೂಢಿ ಇದೆ, ಮನೆ ಸೇರುವವರೆಗೆ ಅದು ಸಾಕು. ಮರುದಿನ ಸರಿಯಾದ ಅಳತೆಯ ರಾಡು ತನ್ನಿ.

ಮೂತಿ ಏರಿಳಿದರೆ ದೋಷ ಸೀಟಿನ ಕೆಳಗಿನ ಕ್ಲಿಪ್ಪಿನಲ್ಲಿದೆ. ಸಾದಾ ಸೈಕಲ್ಲಿನಲ್ಲಿ ಒಂದು ಅಡ್ಡ ಬೋಲ್ಟು, ಎರಡು ಬದಿಗೆ ನಟ್ಟು, ಒಳಗೆ ಹಲ್ಲುಹಲ್ಲಿನ ಬಿಲ್ಲೆಗಳು ಇರುತ್ತವೆ. ಹಲ್ಲಿಗೆ ಹಲ್ಲು ಕಚ್ಚಿಕೊಂಡರೆ ಮಾತ್ರ ಓರೆ ನಿಲ್ಲುತ್ತದೆ. ಸಡಿಲ ಬಿಟ್ಟು ವರ್ಷಗಟ್ಟಲೆ ತುಳಿದರೆ ಹಲ್ಲು ಸವೆದು ಬಿಲ್ಲೆ ನುಣುಪಾಗುತ್ತದೆ. ಬಿಚ್ಚಿ ಬೆರಳಿನಿಂದ ಸವರಿ ನೋಡಿ. ನುಣುಪಾಗಿದ್ದರೆ ಬಿಗಿ ಮಾಡುತ್ತಾ ಕೂರಬೇಡಿ, ಕ್ಲಿಪ್ಪನ್ನೇ ಬದಲಿಸಿ. ಸೀಟಿಗಿಂತ ಎಷ್ಟೋ ಅಗ್ಗದ ಸಾಮಾನು ಅದು.

ಮಂಡಿಯ ಮುಂಭಾಗ, ಚಿಪ್ಪಿನ ಸುತ್ತ ನೋವು

ಅಕ್ಕನ ಮಗಳು ಆಯನೂರಿನ ಹತ್ತಿರದ ಹಳ್ಳಿಯಿಂದ ಹೈಸ್ಕೂಲಿಗೆ ಸರ್ಕಾರದ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಸಿಗುತ್ತಿದ್ದ ಸೈಕಲ್. ಹತ್ತನೇ ತರಗತಿಗೆ ಬಂದಾಗ ಒಂದು ದಿನ, "ಮಾವ, ಏರಲ್ಲಿ ಮಂಡಿ ಚುಚ್ತದೆ, ಮೆಟ್ಲು ಹತ್ತಕ್ಕೂ ಆಗಲ್ಲ" ಅಂದಳು. ತುಳಿದು ತೋರಿಸು ಅಂದೆ. ಪೆಡಲ್ ಮೇಲೆ ಬಂದಾಗ ಅವಳ ಮಂಡಿ ಹೊಟ್ಟೆಯ ಹತ್ತಿರ ಬರುತ್ತಿತ್ತು. ಪೆಡಲ್ ತೀರಾ ಕೆಳಗಿದ್ದಾಗಲೂ ಕಾಲು ಅರ್ಧ ಮಡಿಚಿಕೊಂಡೇ ಇತ್ತು. ಎರಡು ವರ್ಷದಲ್ಲಿ ಹುಡುಗಿ ಒಂದು ಗೇಣು ಬೆಳೆದಿದ್ದಳು, ಸೀಟು ಮಾತ್ರ ಕೊಟ್ಟ ದಿನ ಎಲ್ಲಿತ್ತೋ ಅಲ್ಲೇ ಇತ್ತು.

ಚಿಪ್ಪಿನ ಸುತ್ತ ಬರುವ ನೋವಿಗೆ ನಾನು ಕಂಡಂತೆ ಹೆಚ್ಚಿನ ಸಲ ಕಾರಣ ಸೀಟು ತಗ್ಗಾಗಿರುವುದು. ಮಡಿಚಿದ ಮಂಡಿಯಿಂದ ಬಲ ಹಾಕಿದಾಗ ಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಎದ್ದಂತೆ, ಗಂಟೆಗೆ ಸಾವಿರಾರು ಸಲ.

ಪರೀಕ್ಷೆ ಸುಲಭ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಸೀಟಿನ ಮೇಲೆ ಕೂತು, ಕಂಬ ಹಿಡಿದುಕೊಳ್ಳಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ಅತಿ ಕೆಳಗೆ ಬಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಆದರೆ ಸೊಂಟ ಪಕ್ಕಕ್ಕೆ ವಾಲಬಾರದು. ಅಷ್ಟಾದರೆ, ಹೆಬ್ಬೆರಳಿನ ಬುಡ ಪೆಡಲ್ ಮೇಲೆ ಬರುವ ಹಾಗೆ ಸರಿಯಾಗಿ ಕಾಲಿಟ್ಟಾಗ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. 25ರಿಂದ 35 ಡಿಗ್ರಿಯಷ್ಟು ಬಾಗು ಒಳ್ಳೆಯದು. ಹವಾಯಿ ಚಪ್ಪಲಿಯಲ್ಲಿ ಅಳೆದು ಮಳೆಗಾಲದಲ್ಲಿ ಗಂಬೂಟು ಹಾಕಿ ತುಳಿಯುವವರು ಅದರ ಅಟ್ಟೆ ಎಷ್ಟು ಹೆಚ್ಚು ದಪ್ಪವೋ ಅಷ್ಟು ಸೀಟು ಏರಿಸಿಕೊಳ್ಳಬೇಕು.

ಲೆಕ್ಕ ಬೇಕೆನ್ನುವವರಿಗೆ ಎರಡು ಸೂತ್ರಗಳಿವೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು ನೆಲದಿಂದ ಅಳೆಯಿರಿ. 78 ಸೆಂ.ಮೀ. ಬಂತು ಅನ್ನೋಣ. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಸೂತ್ರದ ಪ್ರಕಾರ ಇದನ್ನು 0.883ರಿಂದ ಗುಣಿಸಬೇಕು. ಕ್ರ್ಯಾಂಕು, ಅಂದರೆ ಪೆಡಲ್ ಹಿಡಿದಿರುವ ತೋಳು, ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ 68.9 ಸೆಂ.ಮೀ. ಆಗುತ್ತದೆ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಅನ್ನುವ ಸಂಶೋಧಕರು ಕೊಟ್ಟ ಇನ್ನೊಂದು ಲೆಕ್ಕದಲ್ಲಿ ಕೆಳಗಿರುವ ಪೆಡಲಿನ ಅಚ್ಚಿನಿಂದ ಸೀಟಿಗೆ ಕಾಲಿನ ಅಳತೆಯ ಶೇ 109, ಅಂದರೆ 85 ಸೆಂ.ಮೀ. ಇರಬೇಕು. ನಿಮ್ಮ ಕ್ರ್ಯಾಂಕು 17 ಸೆಂ.ಮೀ. ಇದ್ದರೆ, ಅದನ್ನು ಕೂಡಿಸಿದಾಗ ಮೊದಲನೇ ಸೂತ್ರ 85.9ಕ್ಕೆ ನಿಲ್ಲುತ್ತದೆ. ಎರಡಕ್ಕೂ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ವ್ಯತ್ಯಾಸ! ಅದಕ್ಕೇ ನಾನು ಸೂತ್ರವನ್ನು ಶುರು ಮಾಡುವ ಜಾಗ ಅಂತ ಮಾತ್ರ ಇಟ್ಟುಕೊಳ್ಳುತ್ತೇನೆ. ಕೊನೆಯ ಮಾತು ಹಿಮ್ಮಡಿಯದು, ಮಂಡಿಯದು.

ಸೀಟು ಎರಡು ಮೂರು ಇಂಚು ಏರಬೇಕಾಗಿದ್ದರೆ ಒಂದೇ ದಿನ ಏರಿಸಬೇಡಿ. ಅಕ್ಕನ ಮಗಳಿಗೆ ವಾರಕ್ಕೊಮ್ಮೆ ಒಂದೊಂದು ಬೆರಳು ಅಗಲದಷ್ಟು ಏರಿಸಿದೆ. ಅವಳಿಗಿದ್ದ ಹೆದರಿಕೆ ಒಂದೇ: ನಿಲ್ಲಿಸುವಾಗ ಕಾಲು ಸಿಗುವುದಿಲ್ಲವಲ್ಲ! ಸೀಟಿನ ಮೇಲೆ ಕೂತುಕೊಂಡೇ ನಿಲ್ಲಿಸುವ ಅಭ್ಯಾಸ ಬಿಡಬೇಕು. ಬ್ರೇಕ್ ಹಿಡಿಯುತ್ತಾ ಒಂದು ಪೆಡಲಿನ ಮೇಲೆ ಭಾರ ಹಾಕಿ, ಸೀಟಿನಿಂದ ಮುಂದಕ್ಕೆ ಜಾರಿ, ಇನ್ನೊಂದು ಕಾಲನ್ನು ನೆಲಕ್ಕಿಡಬೇಕು. ಆಟದ ಮೈದಾನದಲ್ಲಿ ಅರ್ಧ ಗಂಟೆ ಮಾಡಿಸಿದರೆ ಬಂದುಬಿಡುತ್ತದೆ. ಹೊಸದಾಗಿ ಕಲಿಯುವವರಿಗೆ, ತೂಕ ತಪ್ಪುವ ವಯಸ್ಸಾದವರಿಗೆ ಮಾತ್ರ ತಗ್ಗು ಸೀಟೇ ಇರಲಿ. ಅಲ್ಲಿ ಬೀಳದಿರುವುದು ದೊಡ್ಡದು.

ಸೀಟಿನ ಎತ್ತರ ಸರಿಯಿದ್ದೂ ಚಿಪ್ಪು ನೋಯುತ್ತಿದ್ದರೆ ಸೀಟು ತೀರಾ ಮುಂದಿರಬಹುದು. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ಬರುವ ಹಾಗೆ ಕ್ರ್ಯಾಂಕನ್ನು ಅಡ್ಡ ನಿಲ್ಲಿಸಿ, ಮುಂದಿನ ಕಾಲಿನ ಚಿಪ್ಪಿನ ಕೆಳಗಿರುವ ಮೂಳೆಯ ಉಬ್ಬಿನಿಂದ ನಟ್ಟು ಕಟ್ಟಿದ ದಾರ ಇಳಿಬಿಡಿ. ದಾರ ಪೆಡಲಿನ ಅಚ್ಚಿನ ಹತ್ತಿರ ಬೀಳಬೇಕು. ತುಂಬಾ ಮುಂದೆ ಬಿದ್ದರೆ ಕ್ಲಿಪ್ಪು ಸಡಿಲಿಸಿ ಸೀಟನ್ನು ಹಿಂದಕ್ಕೆ ಸರಿಸಿ. ಹಿಂದಕ್ಕೆ ಸರಿಸಿದಾಗ ಪೆಡಲ್ ದೂರವಾಗುತ್ತದೆ, ಹಾಗಾಗಿ ಎತ್ತರವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ರಾಡು ಓರೆಯಾಗಿರುವುದರಿಂದ ಸೀಟನ್ನು ಒಂದು ಸೆಂಟಿಮೀಟರ್ ಏರಿಸಿದರೆ ಅದು ಸುಮಾರು ಮೂರು ಮಿಲಿಮೀಟರ್ ಹಿಂದಕ್ಕೂ ಹೋಗಿರುತ್ತದೆ.

ಇನ್ನೊಂದು ಮಾತು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ, ಏರಿನಲ್ಲಿ ಮಾತ್ರ ನೋವು ಅನ್ನುವುದಾದರೆ ತಪ್ಪು ಸೀಟಿನದಲ್ಲದೇ ಇರಬಹುದು. ಗೇರ್ ಇಲ್ಲದ ಸೈಕಲ್ಲಿನಲ್ಲಿ ನಮ್ಮ ಗುಡ್ಡದ ಏರುಗಳನ್ನು ಕೂತೇ ಒತ್ತಿ ತುಳಿದರೆ ಯಾರ ಮಂಡಿಯೂ ತಡೆಯುವುದಿಲ್ಲ. ಇಳಿದು ತಳ್ಳಿ. ಗೇರ್ ಇದ್ದರೆ ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬನ್ನಿ.

ಮಂಡಿಯ ಹಿಂದೆ ಎಳೆತ, ಸೊಂಟ ಅತ್ತಿತ್ತ ಅಲ್ಲಾಟ

ಇದು ಸೀಟು ಹೆಚ್ಚು ಎತ್ತರವಾದವರ ಕಥೆ. ಕಾಲು ಪೆಡಲಿಗೆ ಎಟುಕದೆ ಬೆರಳ ತುದಿಯಲ್ಲಿ ತುಳಿಯುತ್ತಾರೆ, ಮೀನಖಂಡ ಬಿಗಿಯುತ್ತದೆ, ಮಂಡಿಯ ಹಿಂಭಾಗದ ನರ ಎಳೆದಂತಾಗುತ್ತದೆ. ತಮಗೆ ಗೊತ್ತಾಗುವುದಿಲ್ಲ, ಹಿಂದೆ ಬರುವವರಿಗೆ ಕಾಣುತ್ತದೆ. ಆದ್ದರಿಂದ ಯಾರಾದರೂ ಹಿಂದಿನಿಂದ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ತೆಗೆಯಲಿ. ಸೊಂಟ ತೊಟ್ಟಿಲಿನಂತೆ ತೂಗುತ್ತಿದ್ದರೆ ಅರ್ಧ ಸೆಂಟಿಮೀಟರ್ ಇಳಿಸಿ, ಮತ್ತೆ ನೋಡಿ. ತೂಗಾಟ ನಿಂತ ಕೂಡಲೇ ನಿಲ್ಲಿಸಿ.

ಒಂದೇ ಮಂಡಿ ನೋವು, ಅಥವಾ ಸೊಂಟ ಒಂದೇ ಕಡೆಗೆ ವಾಲುತ್ತದೆ ಅಂದರೆ ಎತ್ತರ ಮುಟ್ಟಬೇಡಿ. ಸೀಟಿನ ಮೂತಿ ಫ್ರೇಮಿನ ಬಾರಿಗೆ ನೇರವಿದೆಯೇ, ಆ ಕಡೆಯ ಪೆಡಲಿನ ಅಚ್ಚು ಬಾಗಿದೆಯೇ ನೋಡಿ. ಅಚ್ಚು ಬಾಗಿದ್ದರೆ ಪೆಡಲ್ ತಿರುಗುವಾಗ ಪಾದ ಓಲಾಡುವುದು ಗೊತ್ತಾಗುತ್ತದೆ. ಎರಡೂ ಸರಿಯಿದ್ದರೆ ಕಾಲುಗಳ ಉದ್ದದಲ್ಲೇ ವ್ಯತ್ಯಾಸ ಇರಬಹುದು. ಅದನ್ನು ಮನೆಯಲ್ಲಿ ಅಂದಾಜು ಮಾಡುವುದಕ್ಕಿಂತ ಫಿಸಿಯೋಥೆರಪಿಯವರ ಹತ್ತಿರ ಅಳೆಸುವುದು ಸರಿ.

ತೊಡೆಸಂದಿನಲ್ಲಿ ಜೋಮು

ಇದನ್ನು ಹೇಳಿಕೊಳ್ಳಲು ಜನ ನಾಚುತ್ತಾರೆ, ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ನಾಚುವಂಥದ್ದು ಏನೂ ಇಲ್ಲ. ಸೀಟಿನ ಮೂತಿ ಮೇಲೆದ್ದಾಗ ಮೈಯ ಭಾರ ಕೂರುವ ಮೂಳೆಗಳ ಮೇಲೆ ಬೀಳುವ ಬದಲು ನಡುವಿನ ಮೆತ್ತನೆಯ ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಹಾದುಹೋಗುವ ನರ, ರಕ್ತನಾಳ ಒತ್ತಿಕೊಂಡು ಜೋಮು ಹಿಡಿಯುತ್ತದೆ. ಗಂಡಸರಿಗೂ ಹೆಂಗಸರಿಗೂ ಆಗುತ್ತದೆ.

ತೀರ್ಥಹಳ್ಳಿಯ ಭಾವ ತೂಕ ಇಳಿಸಲಿಕ್ಕೆ ಅಂತ ಗೇರ್ ಸೈಕಲ್ ತಗೊಂಡಿದ್ದರು. ಜೋಮು ಶುರುವಾದ ಮೇಲೆ ಮೇಲೊಂದು ದಪ್ಪ ಜೆಲ್ ಕವರ್ ಹಾಕಿಸಿದರು. ಹೆಚ್ಚಾಯಿತು. ಜೆಲ್ಲಿಗೆ ಮೂಳೆಗಳು ಇಳಿದಂತೆ ನಡುವಿನ ಭಾಗ ಉಬ್ಬಿ ಇನ್ನೂ ಒತ್ತುತ್ತದೆ. ಅದು ಭಾವನಿಗೆ ಯಾರೂ ಹೇಳಿರಲಿಲ್ಲ. ಕವರ್ ತೆಗೆದು ಸೀಟಿನ ಉದ್ದಕ್ಕೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಮೊಬೈಲಿನ ಮಟ್ಟಗೋಲು ಆ್ಯಪ್ ತೆರೆದಿಟ್ಟೆ. ಮೂತಿ 6 ಡಿಗ್ರಿ ಮೇಲಿತ್ತು! ಸಮಕ್ಕೆ ತಂದು, ವಾರದ ಮೇಲೆ ಇನ್ನೊಂದು ಡಿಗ್ರಿ ಇಳಿಸಿದೆವು. "ಇಷ್ಟಕ್ಕೇ ನಾನು ಸೈಕಲ್ ಮಾರಕ್ಕೆ ಹೊರಟಿದ್ನಲ್ಲ ಮಾರಾಯ" ಅಂದರು.

ಮಟ್ಟದಿಂದ ಶುರು ಮಾಡಿ, ಬೇಕಾದರೆ ಒಂದರಿಂದ ಎರಡು ಡಿಗ್ರಿ ಕೆಳಗೆ. ಸೀಟು ಎತ್ತರ ಹೆಚ್ಚಿದ್ದರೂ ಜೋಮು ಬರುತ್ತದೆ, ಯಾಕೆಂದರೆ ಪೆಡಲಿಗೆ ಎಟುಕಲು ಮೈ ಮೂತಿಯ ಕಡೆ ಜಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ರಕ್ತ ಓಡಲು ಬಿಡಿ. ಇಷ್ಟೆಲ್ಲ ಮಾಡಿದ ಮೇಲೂ ಜೋಮು ಹೋಗದಿದ್ದರೆ ಆಗ ನಡುವೆ ಸೀಳು ಬಿಟ್ಟಿರುವ ಸೀಟಿನ ಯೋಚನೆ ಮಾಡಿ.

ಅಂಗೈ ಜೋಮು, ಭುಜ ಮತ್ತು ಕತ್ತು ನೋವು

ಜೋಮಿಗೆ ಹೆದರಿ ಮೂತಿಯನ್ನು ತೀರಾ ಕೆಳಗೆ ಬಾಗಿಸಿದವರಿಗೆ ಇದು ಬರುತ್ತದೆ. ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಜಾರದಂತೆ ಕೈಗಳು ತಡೆಯುತ್ತಲೇ ಇರುತ್ತವೆ. ಕಿರುಬೆರಳು, ಉಂಗುರ ಬೆರಳು ಜುಮುಗುಟ್ಟಿದರೆ ಅಂಗೈಯ ಹೊರಅಂಚಿನ ನರ ಒತ್ತಿದೆ ಅಂತ ಅರ್ಥ. ಮೂತಿಯನ್ನು ಮಟ್ಟಕ್ಕೆ ತನ್ನಿ. ಆಮೇಲೂ ಇದ್ದರೆ ಸೀಟನ್ನು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿಸಿ. ಹ್ಯಾಂಡಲ್ ದೂರ ಅನ್ನಿಸುತ್ತದೆಂದು ಸೀಟನ್ನು ಮುಂದಕ್ಕೆ ಎಳೆಯುವುದು ತಪ್ಪು ದಾರಿ. ಸೀಟು ಕಾಲಿಗೆ ಹೊಂದಿಕೊಳ್ಳಬೇಕು. ಹ್ಯಾಂಡಲ್ ದೂರವಿದ್ದರೆ ಹ್ಯಾಂಡಲನ್ನೇ ಎತ್ತರಿಸಬೇಕು ಅಥವಾ ಅದರ ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಬದಲಿಸಬೇಕು.

ಕೂರುವ ಮೂಳೆ ನೋವು

ತುಂಬಾ ದಿನ ಬಿಟ್ಟು ತುಳಿದಿದ್ದರೆ ಮೊದಲ ಒಂದೆರಡು ವಾರ ನೋವು ಸಹಜ. ಅದಕ್ಕೆ ಏನೂ ಮಾಡಬೇಡಿ. ವಾರಗಳಾದರೂ ಹೋಗದಿದ್ದರೆ ಅಗಲ ಅಳೆಯಿರಿ. ಜಗಲಿಯ ಕಟ್ಟೆಯ ಮೇಲೆ ಪೆಟ್ಟಿಗೆಯ ಅಲೆಅಲೆಯ ರಟ್ಟು ಇಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಹಿಮ್ಮಡಿ ಎತ್ತಿ ಸ್ವಲ್ಪ ಮುಂದಕ್ಕೆ ಬಗ್ಗಿ. ಎದ್ದು ನೋಡಿದರೆ ಎರಡು ಕುಳಿ ಬಿದ್ದಿರುತ್ತವೆ. ಅವುಗಳ ನಡುವಿನಿಂದ ನಡುವಿಗೆ ಅಳೆದು ಎರಡರಿಂದ ಮೂರು ಸೆಂಟಿಮೀಟರ್ ಸೇರಿಸಿ, ಸೀಟಿನ ಹಿಂಭಾಗ ಸುಮಾರು ಅಷ್ಟು ಅಗಲ ಇರಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಈ ಅಂತರ ಹೆಚ್ಚು. ಮನೆಯಲ್ಲಿ ಗಂಡ ಹೆಂಡತಿ ಒಂದೇ ಸೈಕಲ್ ತುಳಿದು ಒಬ್ಬರಿಗೆ ಮಾತ್ರ ನೋಯುವುದಕ್ಕೆ ಇದೂ ಒಂದು ಕಾರಣ.

ಮಳೆಗಾಲದ ಉರಿ, ಗುಳ್ಳೆ

ರೆಕ್ಸಿನ್ ಹರಿದ ಸೀಟು ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಒಣಗುವುದೇ ಇಲ್ಲ. ಮೇಲೆ ಒರೆಸಿ ಕೂತರೂ ಒಳಗಿನ ಸ್ಪಂಜು ನೀರು ಬಿಡುತ್ತದೆ. ಒದ್ದೆ ಬಟ್ಟೆ, ಉಜ್ಜಾಟ, ಅಲ್ಲಿಂದ ಉರಿ. ಸೀಟಿನ ಕವರ್ ಹೊಲಿಸಿ, ಹೊರಗೆ ನಿಲ್ಲಿಸುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ. ದೂರ ಹೋಗುವವರು ಪ್ಯಾಡ್ ಇರುವ ಸೈಕಲ್ ಚಡ್ಡಿ ಹಾಕುವುದಾದರೆ ಒಳಗೆ ಬೇರೆ ಚಡ್ಡಿ ಬೇಡ, ಅದರ ಹೊಲಿಗೆಯೇ ಕೊರೆಯುತ್ತದೆ. ಒಂದೇ ತೊಡೆಯ ಒಳಭಾಗ ಉಜ್ಜುತ್ತಿದ್ದರೆ ಸೀಟು ಆ ಕಡೆಗೆ ತಿರುಗಿದೆ.

ಸೈಕಲ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕಾದಾಗ

ಇಳಿದ ಮೇಲೂ ಗಂಟೆಗಟ್ಟಲೆ ಜೋಮು ಉಳಿದರೆ, ಮೂತ್ರಕ್ಕೆ ತೊಂದರೆಯಾದರೆ, ಲೈಂಗಿಕ ತೊಂದರೆ ಕಂಡರೆ ತಡಮಾಡಬೇಡಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕುಸಿದರೆ ಸ್ಪ್ಯಾನರ್ ಕೆಳಗಿಡಿ. ಗುಳ್ಳೆ ಕೀವು ತುಂಬಿ ಜ್ವರ ಬಂದರೂ ಅಷ್ಟೇ. ಎಲ್ಲ ಸರಿ ಮಾಡಿ ಎರಡು ಮೂರು ವಾರ ಕಳೆದರೂ ನೋವು ಇದ್ದಲ್ಲೇ ಇದ್ದರೆ ಅದು ಸೀಟಿನ ನೋವಲ್ಲ.

ತುಳಿದಾಗೆಲ್ಲ ಕಿರ್ರ್ ಸದ್ದು

ನಿಂತು ತುಳಿಯಿರಿ. ಸದ್ದು ನಿಂತರೆ ಸೀಟಿನದು, ನಿಲ್ಲದಿದ್ದರೆ ಪೆಡಲ್ ಅಥವಾ ಕ್ರ್ಯಾಂಕಿನದು. ಸೀಟಿನದಾದರೆ ಕ್ಲಿಪ್ಪು ಬಿಚ್ಚಿ ಒರೆಸಿ, ಸೀಟಿನ ಅಡಿಯ ಕಂಬಿಗಳಿಗೆ, ರಾಡಿಗೆ ತೆಳ್ಳಗೆ ಗ್ರೀಸು ಸವರಿ ಬಿಗಿ ಮಾಡಿ. ಕಂಬಿಯಲ್ಲಿ ಬಿರುಕು ಕಂಡರೆ ಆ ಸೀಟು ಅಲ್ಲಿಗೆ ಮುಗಿಯಿತು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಕಂಬಿ ಮುರಿಯುವುದನ್ನು ಯೋಚಿಸಿ ನೋಡಿ.

ರಾಡು ಕದಲುವುದೇ ಇಲ್ಲ

ಮಲೆನಾಡಿನ ಸೈಕಲ್ಲಿಗೆ ಇದು ತಪ್ಪಿದ್ದಲ್ಲ. ಹಿಂದಿನ ಚಕ್ರ ಎರಚುವ ನೀರು ಫ್ರೇಮಿನ ಸೀಳಿನಿಂದ ಒಳಗಿಳಿದು ರಾಡು ತುಕ್ಕು ಹಿಡಿಯುತ್ತದೆ. ಕಬ್ಬಿಣದ ಫ್ರೇಮಿನೊಳಗೆ ಅಲ್ಯೂಮಿನಿಯಂ ರಾಡಿದ್ದರೆ ಎರಡು ಲೋಹಗಳ ನಡುವೆ ಬಿಳಿಪುಡಿ ಕಟ್ಟಿ ಇನ್ನೂ ಗಟ್ಟಿ ಕಚ್ಚುತ್ತದೆ.

ಕ್ಲ್ಯಾಂಪ್ ಪೂರ್ತಿ ಸಡಿಲಿಸಿ ಮೇಲಕ್ಕೆ ಸರಿಸಿ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನು ರಾಡಿನ ಸುತ್ತ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಇನ್ನೊಂದು ಸಲ ಹಾಕಿ. ಆಮೇಲೆ ಸೀಟನ್ನೇ ಹಿಡಿಯಾಗಿ ಮಾಡಿಕೊಂಡು ಎಡಕ್ಕೆ ಬಲಕ್ಕೆ ತಿರುಚಿ. ಮೇಲಕ್ಕೆ ಎಳೆಯುವ ಅವಸರ ಬೇಡ, ಮೊದಲು ತಿರುಗಲಿ. ಸುತ್ತಿಗೆಯಿಂದ ಹೊಡೆಯಬೇಡಿ, ಪೈಪು ಹಾಕಿ ಬಲ ಹೆಚ್ಚಿಸಬೇಡಿ, ಸ್ಪ್ರೇ ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ತೋರಿಸಬೇಡಿ. ಮೂರು ದಿನ ಎಣ್ಣೆ ಕುಡಿಸಿಯೂ ಅಲುಗದಿದ್ದರೆ ಅನುಭವ ಇರುವ ಸೈಕಲ್ ಶಾಪಿನವರಿಗೆ ಕೊಡಿ. ಫ್ರೇಮಿನ ಕೊಳವೆ ತಿರುಚಿಕೊಂಡರೆ ಸೈಕಲ್ಲೇ ಹೋಗುತ್ತದೆ.

ಹೊರಬಂದ ರಾಡನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರೆಸಿ, ಫ್ರೇಮನ್ನು ತಲೆಕೆಳಗು ಮಾಡಿ ಒಳಗಿನ ನೀರು ಬಸಿಯಿರಿ. ರಾಡಿನ ಮೇಲೆ ‘ಮಿನಿಮಮ್ ಇನ್ಸರ್ಷನ್’ ಅಂತ ಕೊರೆದ ಅಡ್ಡಗೆರೆ ಇರುತ್ತದೆ. ಸೀಟು ಎಷ್ಟೇ ಏರಿಸಿದರೂ ಆ ಗೆರೆ ಫ್ರೇಮಿನೊಳಗೇ ಇರಬೇಕು. ಗೆರೆ ಅಳಿಸಿಹೋಗಿದ್ದರೆ ಕನಿಷ್ಠ 8 ಸೆಂ.ಮೀ. ಒಳಗಿರಲಿ, ಮೇಲಿನ ಬಾರು ಬಂದು ಸೇರುವ ಜಾಗಕ್ಕಿಂತ ಕೆಳಗೂ ಹೋಗಿರಲಿ. ಅಷ್ಟು ಏರಿಸಿಯೂ ಸಾಲದಿದ್ದರೆ ಉದ್ದದ ರಾಡು ಹಾಕಿಸಿ. ಲೋಹದ ರಾಡಿಗೆ ಗ್ರೀಸು ಸವರಿ ಇಳಿಸಿ. ಕಾರ್ಬನ್ ರಾಡಿಗೆ ಗ್ರೀಸು ಬೇಡ, ಅದಕ್ಕೆಂದೇ ಬರುವ ಪೇಸ್ಟ್ ಸಿಗುತ್ತದೆ. ಫ್ರೇಮಿನ ಬಾಯಿಗೆ ಹಳೆಯ ಟ್ಯೂಬಿನ ಒಂದು ತುಂಡನ್ನು ಬಳೆಯಂತೆ ತೊಡಿಸಿದರೆ ಸೀಳಿನಿಂದ ನೀರು ಇಳಿಯುವುದು ಕಡಿಮೆಯಾಗುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ರಾಡು ಹೊರತೆಗೆದು ಒರೆಸಿ, ಗ್ರೀಸು ಹಾಕಿ, ಟೇಪಿನ ಗುರುತಿಗೇ ಮತ್ತೆ ಇಳಿಸಿ.